ಹಬ್ಬದ ಮನೆಯಲ್ಲಿ ಸಮಾಧಾನ

(ಓದತಕ್ಕ ವೇದಭಾಗ: ಲೂಕನ ಸುವಾರ್ತೆ, ಎರಡನೆಯ ಅಧ್ಯಾಯ, 1ರಿಂದ 20ರ ವರೆಗಿನ ವಚನಗಳು)



ಕ್ರಿಸ್ತಜಯಂತಿಯ ಕಾಲದಲ್ಲಿ ದೇವರ ಸಮಾಧಾನವನ್ನು ಹೊಂದುವ ವಿಷಯವಾಗಿ ಒಂದು ಪಾಠವನ್ನು ಬರೆದುಕೊಡಬೇಕೆಂದು ಈ ಸಂಚಿಕೆಯ ಸಂಪಾದಕಿಯರು ಕೇಳಿದಾಗ ನಾನು ಹಿಂಜರಿದೆನು. ಅನೇಕ ವರ್ಷಗಳ ಕಾಲ ಹುಡುಗಿಯರಿಗೆ ವೇದಪಾಠವನ್ನು ಹೇಳಿಕೊಟ್ಟವಳಾದರೂ ಈ ಒಂದು ಪಾಠದಲ್ಲಿ ನಾನು ತೇರ್ಗಡೆಯಾದವಳಲ್ಲ. ಲೂಕನ ಎರಡನೆಯ ಅಧ್ಯಾಯವನ್ನು ನಾನು ನೂರಾರು ಸಾರಿ ಓದಿರುವೆನು; ಆದರೆ ಹಬ್ಬದ ಹಿಂದಿನ ದಿನ ಅದನ್ನು ಕುಳಿತು ಓದಿದ್ದು ಬಹಳ ಕಡಿಮೆ. ಒಲೆಯ ಮುಂದೆ ನಿಂತುಕೊಂಡು, ಒಂದು ಕಣ್ಣನ್ನು ಎಣ್ಣೆಯ ಬಾಣಲೆಯ ಮೇಲೂ ಮತ್ತೊಂದನ್ನು ಪುಸ್ತಕದ ಮೇಲೂ ಇಟ್ಟು ಓದಿದ್ದೇ ಹೆಚ್ಚು. ಇದನ್ನು ಓದುತ್ತಿರುವ ತಾಯಂದಿರಲ್ಲಿ ಅನೇಕರ ಸ್ಥಿತಿಯೂ ಇದೇ ಎಂದು ಬಲ್ಲೆನು. ಆದಕಾರಣ ಬೋಧಿಸುವವಳಾಗಿ ಅಲ್ಲ, ಜೊತೆಯಲ್ಲಿ ಓದುವವಳಾಗಿ ಬರೆಯುತ್ತೇನೆ.

ಮೊದಲು ಮಾತನ್ನೇ ವಿಚಾರಿಸೋಣ. ನಮ್ಮ ಕನ್ನಡ ಸತ್ಯವೇದದಲ್ಲಿ ದೇವದೂತರು ಭೂಮಿಗೆ ಸಾರಿದ್ದು "ಸಮಾಧಾನ"ವನ್ನು. "ಶಾಂತಿ" ಎಂಬ ಮಾತನ್ನು ಅಲ್ಲಿ ಹಾಕಿಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಪಂಡಿತರ ಸಹಾಯದಿಂದ ಸತ್ಯವೇದವನ್ನು ಕನ್ನಡಕ್ಕೆ ತಿರುಗಿಸುವ ಕೆಲಸವನ್ನು 1830ರ ದಶಕದ ಆರಂಭಕ್ಕೆ ಮುಗಿಸಿದರು. ಆಮೇಲೆ ಅದನ್ನು ಪರಿಷ್ಕರಿಸಿದವರು ಹಲವರು. ಇವರಲ್ಲಿ ಯಾರ ಕೈಯಿಂದ ಈ ಪದವು ಬಂತೋ, ಅವರಿಗೆ ನಾವು ಋಣಿಗಳು. ಏಕೆಂದರೆ ಅದರ ಧಾತುವನ್ನು ಬಿಡಿಸಿದರೆ "ಚೆನ್ನಾಗಿ ಒಟ್ಟಿಗೆ ಇಡುವುದು" ಎಂದು ಅರ್ಥವಾಗುತ್ತದೆ. ಚೆದರಿದ್ದನ್ನು ಕೂಡಿಸಿ ನೆಲೆಗೊಳಿಸುವುದು ಸಮಾಧಾನ. ವೇದಾಂತಿಗಳು ಶಮ, ದಮ ಮುಂತಾದ ಆರು ಸಾಧನಗಳಲ್ಲಿ ಕೊನೆಯದಾಗಿ ಇದನ್ನೇ ಎಣಿಸುವರು. ಅಲ್ಲಿ ಅದಕ್ಕೆ ಮನಸ್ಸು ಒಂದೇ ಕಡೆ ನಿಲ್ಲುವುದೆಂದು ಅರ್ಥ. ಇಬ್ರಿಯ ಭಾಷೆಯ "ಶಾಲೋಮ್" ಎಂಬ ಮಾತಿಗೂ ಮೂಲದಲ್ಲಿ ಒಡೆಯದೆ ಪೂರ್ಣವಾಗಿರುವುದೆಂದೇ ಅರ್ಥವಿದೆ.

ಪಂಡಿತರ ಮಾತು ಹಾಗಿರಲಿ. ನಮ್ಮ ಮನೆಗಳಲ್ಲಿ ಈ ಪದವು ಹೇಗೆ ಓಡಾಡುತ್ತದೆ ನೋಡಿರಿ. ಅಳುವ ಮಗುವನ್ನು ಸಮಾಧಾನ ಮಾಡುತ್ತೇವೆ. ಸಂಶಯವನ್ನು ಕೇಳಿದವನಿಗೆ ಸಮಾಧಾನ ಹೇಳುತ್ತೇವೆ. ದೂರದಿಂದ ಬಂದ ನೆಂಟರಿಗೆ "ಅವಸರವೇನು, ಸಮಾಧಾನವಾಗಿ ಊಟಮಾಡಿ" ಎನ್ನುತ್ತೇವೆ. ಎಲ್ಲರಿಗೂ ಹಾಗೆ ಹೇಳಿ ಬಡಿಸಿ, ತಾನು ಮಾತ್ರ ಕೊನೆಯಲ್ಲಿ ಒಲೆಯ ಪಕ್ಕದಲ್ಲಿ ನಾಲ್ಕು ತುತ್ತು ನುಂಗಿ ಏಳುವವಳು ಯಾರೆಂದು ಹೇಳಬೇಕಾಗಿಲ್ಲ. ಈ ಪಾಠವು ಅವಳನ್ನು ಕುರಿತದ್ದು.

ಈಗ ಅಧ್ಯಾಯಕ್ಕೆ ಬರೋಣ. ಲೂಕನು ಮೊದಲನೆಯ ವಚನದಲ್ಲಿಯೇ ಚಕ್ರವರ್ತಿಯಾದ ಔಗುಸ್ತನ ಹೆಸರನ್ನು ಎತ್ತುತ್ತಾನೆ. ಆ ಕಾಲದಲ್ಲಿ ಸಮಾಧಾನವೆಂದರೆ ಔಗುಸ್ತನು ಕೊಟ್ಟದ್ದು ಎಂದು ಲೋಕವು ಹೇಳುತ್ತಿತ್ತು. ರೋಮಾಪುರಿಯಲ್ಲಿ ಅವನ ಸಮಾಧಾನಕ್ಕೆಂದೇ ಅಮೃತಶಿಲೆಯ ಬಲಿಪೀಠವನ್ನು ಕಟ್ಟಿಸಿ ಕ್ರಿ. ಪೂ. 9ರಲ್ಲಿ ಪ್ರತಿಷ್ಠಿಸಿದರು, ಅದು ಇಂದಿಗೂ ಆ ನಗರದಲ್ಲಿದೆ. ಅದೇ ಸುಮಾರಿನಲ್ಲಿ ಚಿಕ್ಕ ಏಷ್ಯದವರು ಅವನ ಹುಟ್ಟುಹಬ್ಬದಿಂದಲೇ ವರ್ಷವನ್ನು ಆರಂಭಿಸತಕ್ಕದ್ದೆಂದು ಗೊತ್ತುಮಾಡಿ, ಆ ಜನನವು ಲೋಕಕ್ಕೆ ಶುಭವಾರ್ತೆಯ ಮೊದಲೆಂದು ಕಲ್ಲಿನಲ್ಲಿ ಕೆತ್ತಿಸಿದರು. ಪ್ರಿಯೇನೆಯೆಂಬ ಪಟ್ಟಣದಲ್ಲಿ ಸಿಕ್ಕಿದ ಆ ಶಾಸನದ ಗ್ರೀಕ್ ಮಾತೂ ನಾವು "ಸುವಾರ್ತೆ" ಎನ್ನುವ ಮಾತೂ ಒಂದೇ. ಅಂಥ ಸಮಾಧಾನದ ಒಂದು ಅಪ್ಪಣೆಯಿಂದ ತುಂಬು ಗರ್ಭಿಣಿಯೊಬ್ಬಳು ಹೆಸರು ಬರೆಯಿಸಿಕೊಳ್ಳುವುದಕ್ಕಾಗಿ ಊರುಬಿಟ್ಟು ಹೊರಡಬೇಕಾಯಿತು.

ನಮ್ಮ ಸೀಮೆಯವರಿಗೆ ಇದು ತಿಳಿಯದ ವಿಷಯವಲ್ಲ. ನಮ್ಮ ಬರಗೂರಿನ ತಾಲೂಕು ಕೇಂದ್ರವಾದ ಶಿರಾ 1687ರಿಂದ 1757ರ ವರೆಗೆ ಮೊಗಲರ ಸುಬೇದಾರರಿದ್ದ ಪಟ್ಟಣ. ಅಲ್ಲಿಂದ ಮುಂದೆ ಮರಾಠರು, ಹೈದರನು, ಹೀಗೆ ಕೈಯಿಂದ ಕೈಗೆ ಹೋಯಿತು. ಟಿಪ್ಪುವಿನ ಕಾಲದಲ್ಲಿ ಶಿರಾದ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದರು. ಆ ಸಾಲಿನಲ್ಲಿಯೂ ದಿನತುಂಬಿದ ಬಸುರಿಯರು ಇದ್ದೇ ಇರಬೇಕು. ಅವರ ಹೆಸರನ್ನು ಬರೆದಿಡಲು ಲೂಕನಂಥವನೊಬ್ಬನು ಅಲ್ಲಿರಲಿಲ್ಲ.

ಏಳನೆಯ ವಚನದಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಛತ್ರದಲ್ಲಿ ಸ್ಥಳವಿರಲಿಲ್ಲವೆಂದು ಓದಿ, ಕ್ರೂರನಾದ ಛತ್ರದ ಯಜಮಾನನೊಬ್ಬನನ್ನು ನಾವು ಪ್ರತಿವರ್ಷವೂ ಮಕ್ಕಳ ನಾಟಕದಲ್ಲಿ ನಿಲ್ಲಿಸುತ್ತೇವೆ. (ನಮ್ಮ ಕಾಲದಲ್ಲಿ ಆ ಪಾತ್ರಕ್ಕೆ ತರಗತಿಯಲ್ಲಿ ಎಲ್ಲರಿಗಿಂತಲೂ ಎತ್ತರವಾದ ಹುಡುಗಿಯನ್ನು ಆರಿಸುತ್ತಿದ್ದರು, ನಾನು ಎರಡು ವರ್ಷ ಅದನ್ನು ಮಾಡಿದೆನು.) ಆದರೆ ಲೂಕನು ಅಂಥ ಯಜಮಾನನನ್ನು ಹೇಳಿಲ್ಲ, ಕೊಟ್ಟಿಗೆಯನ್ನೂ ಹೇಳಿಲ್ಲ, ದನಕತ್ತೆಗಳನ್ನೂ ಹೇಳಿಲ್ಲ. ಗೋದಲಿಯನ್ನು ಮಾತ್ರ ಹೇಳುತ್ತಾನೆ. ಅವನು ಅಲ್ಲಿ ಬಳಸಿದ ಗ್ರೀಕ್ ಮಾತು ಮನೆಯಲ್ಲಿ ಅತಿಥಿಗಳಿಗೆ ಕೊಡುವ ಕೋಣೆಗೂ ಸಲ್ಲುತ್ತದೆ. ಸ್ವಾಮಿಯು ಶಿಷ್ಯರೊಂದಿಗೆ ಕಡೆಯ ಭೋಜನಕ್ಕೆ ಕೇಳಿದ ಕೋಣೆಗೆ ಅದೇ ಲೂಕನು ಅದೇ ಮಾತನ್ನು ಹಾಕಿದ್ದಾನೆ. ಹಣಕೊಟ್ಟು ಇಳಿದುಕೊಳ್ಳುವ ಛತ್ರವನ್ನು ಹೇಳಬೇಕಾದಾಗ, ಅಂದರೆ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ, ಬೇರೆ ಮಾತನ್ನು ಬಳಸಿದ್ದಾನೆ. ಆದಕಾರಣ ಯೋಸೇಫನ ನೆಂಟರ ಮನೆಯಲ್ಲಿಯೇ ಅವರು ಇಳಿದಿದ್ದರೆಂದೂ ಅತಿಥಿಗಳ ಕೋಣೆಯು ತುಂಬಿಹೋಗಿತ್ತೆಂದೂ ಅನೇಕ ಪಂಡಿತರು ಈಗ ಹೇಳುತ್ತಾರೆ. ನನಗೂ ಅದೇ ಸರಿಯೆಂದು ಕಾಣುತ್ತದೆ.

ಆಗ ಗೋದಲಿ ಎಲ್ಲಿತ್ತು? ಬರಗೂರಿನ ಕಡೆಯ ಹಳೆಯ ಮನೆಗಳನ್ನು ಕಂಡವರು ಥಟ್ಟನೆ ಹೇಳಬಲ್ಲರು. ತಲೆಬಾಗಿಲನ್ನು ದಾಟಿದೊಡನೆ ತಗ್ಗಿನಲ್ಲಿ ದನಕಟ್ಟುವ ಜಾಗ. ಅದರಿಂದ ಒಂದು ಮೆಟ್ಟಿಲು ಮೇಲಕ್ಕೆ ನಡುಮನೆ. ಒಂದೇ ಮಾಳಿಗೆಯ ಕೆಳಗೆ ದನವೂ ಜನವೂ. ಯೆಹೂದ್ಯರ ದೇಶದ ರೈತರ ಮನೆಗಳೂ ಹಾಗೆಯೇ ಇದ್ದವು. ಹೀಗೆ ಓದಿದರೆ ನಮ್ಮ ಕಣ್ಣಿನ ಮುಂದಿನ ಚಿತ್ರವೇ ಬದಲಾಗುತ್ತದೆ. ಊರ ಹೊರಗೆ, ಹಿಮದಲ್ಲಿ, ನಿಶ್ಶಬ್ದವಾದ ಒಂದು ಕೊಟ್ಟಿಗೆ ನಮ್ಮ ಹಬ್ಬದ ಕಾರ್ಡುಗಳಲ್ಲಿದೆ. ಲೂಕನ ಪುಸ್ತಕದಲ್ಲಿರುವುದಾದರೋ ನೆಂಟರಿಷ್ಟರಿಂದ ಕಾಲಿಡಲು ಎಡೆಯಿಲ್ಲದಂತೆ ತುಂಬಿದ ಮನೆ. ಬಿಸಿನೀರು ಕಾಯಿಸಿದವರು, ಬಟ್ಟೆ ಹರಿದವರು, ಅಷ್ಟು ಜನಕ್ಕೆ ರೊಟ್ಟಿ ತಟ್ಟಿದವರು ಅಲ್ಲಿ ಇದ್ದಿರಬೇಕು. ದೇವರ ಸಮಾಧಾನವು ಹುಟ್ಟಿದ್ದು ಕೆಲಸ ಮುಗಿಯದ ಮನೆಯಲ್ಲಿ.

ಇನ್ನು ಕುರುಬರ ವಿಷಯ. ಕನ್ನಡ ಸತ್ಯವೇದವು ಕುರಿಕಾಯುವವರನ್ನು ಕುರುಬರೆಂದೇ ಕರೆದಿರುವುದರಿಂದ, ದೇವದೂತನು ಬಂದದ್ದು ನಮ್ಮ ಹಿಂದಿನ ಬೀದಿಯವರ ಬಳಿಗೇ ಎಂದು ನಾನು ಚಿಕ್ಕಂದಿನಲ್ಲಿ ನಂಬಿದ್ದೆನು. ನಮ್ಮ ತಂದೆಯವರು ಉಪಾಧ್ಯಾಯರಾಗಿ ಬರಗೂರಿಗೆ ಬಂದವರು. ನಮ್ಮ ಬೀದಿಯಲ್ಲಿ ಕ್ರೈಸ್ತರೆಂದರೆ ನಾವೇ. ಡಿಸೆಂಬರ್ ತಿಂಗಳು ಅಲ್ಲಿ ರಾಗಿಯ ಕೊಯ್ಲಿನ ಕಾಲ. ಕೊಯ್ದ ರಾಗಿಯನ್ನು ಬಣವೆಯೊಟ್ಟಿದ ಮೇಲೆ ಬಯಲಾದ ಹೊಲಗಳಿಗೆ ಕುರಿಮಂದೆಗಳು ಬರುವವು. ಹೊಲದ ಯಜಮಾನನು ಕುರಿಗೊಬ್ಬರಕ್ಕಾಗಿ ಮಂದೆಯನ್ನು ತನ್ನ ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಂಡು ಕುರಿಯವರಿಗೆ ಕಾಳುಕೊಡುವನು. ಮುಳ್ಳುಕಂಟಿಯ ಬೇಲಿಯನ್ನೋ ಬಲೆಯನ್ನೋ ಸುತ್ತಲೂ ಕಟ್ಟಿ, ಆ ದಿನ ಹುಟ್ಟಿದ ಮರಿಗಳನ್ನು ಮಂಕರಿಯ ಕೆಳಗಿಟ್ಟು, ಕಂಬಳಿ ಹೊದೆದು ಸರದಿಯ ಮೇಲೆ ಎಚ್ಚರವಿರುವರು. ಆ ಸೀಮೆಯಲ್ಲಿ ತೋಳದ ಭಯವು ಬರಿಯ ಕಥೆಯಲ್ಲ. ಮಧುಗಿರಿ ತಾಲೂಕಿನ ಮೈದನಹಳ್ಳಿಯ ಹುಲ್ಲುಬಯಲಿನಲ್ಲಿ ಕೃಷ್ಣಮೃಗಗಳ ಬೆನ್ನಿಗೆ ತೋಳವೂ ಉಳಿದುಕೊಂಡಿದೆ. ಶಿರಾ ಸೀಮೆಯ ಕಾಡುಗೊಲ್ಲರಂತೂ ತಮ್ಮ ವೀರನಾದ ಜುಂಜಪ್ಪನ ಕಥೆಯನ್ನು ಗಣೆಯೆಂಬ ನೀಳವಾದ ಬಿದಿರಿನ ಕೊಳಲನ್ನು ನುಡಿಸುತ್ತಾ ರಾತ್ರಿಯೆಲ್ಲಾ ಹಾಡಬಲ್ಲವರು. ಯೇಸುಸ್ವಾಮಿಯು ಹುಟ್ಟಿದ ತಿಂಗಳನ್ನು ಸುವಾರ್ತೆಗಳು ತಿಳಿಸುವುದಿಲ್ಲ. ಡಿಸೆಂಬರ್ 25ನ್ನು ಆಚರಿಸಿದ್ದಕ್ಕೆ ಸಿಗುವ ಮೊದಲ ಗುರುತು 336ರದು, ರೋಮಿನದು. ಆದರೂ ಬರಗೂರಿನ ಮಾರ್ಗಶಿರದ ಚಳಿಯಲ್ಲಿ ಹೊಲದ ನಡುವೆ ಸಣ್ಣ ಬೆಂಕಿಯನ್ನು ಕಂಡವರಿಗೆ ಆ ತಾರೀಖಿನ ಮೇಲೆ ತಕರಾರು ಮಾಡುವ ಮನಸ್ಸಾಗುವುದಿಲ್ಲ.

ನನಗೆ ಹನ್ನೊಂದು ವರ್ಷವಿದ್ದಾಗ, ಹಬ್ಬದ ಸಾಯಂಕಾಲ, ನಮ್ಮ ಮನೆಯ ಹಿಂದಿನ ಹೊಲದಲ್ಲಿ ಮಂದೆ ನಿಲ್ಲಿಸಿದ್ದ ಮುದುಕನೊಬ್ಬನನ್ನು ನಮ್ಮ ತಾಯಿಯವರು ಕರೆದು ಕಜ್ಜಾಯ ಕೊಟ್ಟರು. ಅವನು ಜಗುಲಿಯ ಮೇಲೆ ಕುಳಿತು, ಇದು ಯಾವ ಹಬ್ಬವೆಂದು ಕೇಳಿದನು. ತಾಯಿಯವರು ಕುರುಬರ ಕಥೆಯನ್ನೇ ಹೇಳಿದರು. ಅವನು ಕೊನೆಯ ವರೆಗೂ ಕೇಳಿ, ಬಹಳ ಹೊತ್ತು ಸುಮ್ಮನಿದ್ದು, "ಅಲ್ಲ ಅಮ್ಮಾವ್ರೇ, ಅವರೆಲ್ಲಾ ಊರೊಳಕ್ಕೆ ಹೋದರಲ್ಲ, ಕುರೀನ ಯಾರ ಕೈಗೆ ಬಿಟ್ಟು ಹೋದರು?" ಎಂದನು.

"ಅದನ್ನು ಬರೆದಿಲ್ಲ ಕಣಪ್ಪಾ" ಎಂದರು ತಾಯಿಯವರು.

"ಯಾರೋ ಒಬ್ಬ ಉಳಿದಿರಬೇಕು. ಕುರೀನ ಬಿಟ್ಟು ಎಲ್ಲರೂ ಹೋಗೋದಿಲ್ಲ. ಪಾಪ, ಅವನಿಗೆ ಕೂಸನ್ನು ನೋಡೋದಕ್ಕೆ ಆಗಲಿಲ್ಲ."

ಇಷ್ಟು ಹೇಳಿ ಅವನು ಮಂದೆಯ ಹತ್ತಿರ ಉಳಿದಿದ್ದ ಹುಡುಗನಿಗೆಂದು ಎರಡು ಕಜ್ಜಾಯವನ್ನು ಕಂಬಳಿಯ ಮಡಿಕೆಯಲ್ಲಿ ಕಟ್ಟಿಕೊಂಡು ಹೊರಟುಹೋದನು.

ಮುಂದೆ ನಾನು ಎಷ್ಟೋ ವ್ಯಾಖ್ಯಾನಗಳನ್ನು ಓದಿದೆನು. ಆ ಮುದುಕನ ಪ್ರಶ್ನೆಯಷ್ಟು ನನ್ನನ್ನು ಕಾಡಿದ್ದು ಯಾವುದೂ ಇಲ್ಲ. ಕುರುಬರು ತ್ವರೆಯಾಗಿ ಹೋದರೆಂದೂ ಕಂಡು ಹಿಂದಿರುಗಿದರೆಂದೂ ಲೂಕನು ಹೇಳುತ್ತಾನೆ. ಅವರು ಕುರಿಕಾಯುವುದನ್ನು ಶಾಶ್ವತವಾಗಿ ತೊರೆದು ಸನ್ಯಾಸಿಗಳಾಗಲಿಲ್ಲ; ಬೆಳಗಾಗುವಷ್ಟರಲ್ಲಿ ಅದೇ ಹೊಲ, ಅದೇ ಹಿಂಡು. ಆದರೆ ಆ ಕೆಲವು ಗಳಿಗೆ ಹಿಂಡಿನ ಭಾರವನ್ನು ಇಳಿಸದೆ ಅವರು ಬೇತ್ಲೆಹೇಮನ್ನು ಕಾಣಲಾರರು. ಎಲ್ಲರೂ ಇಳಿಸಿದರೋ, ಒಬ್ಬನ ಹೆಗಲಿಗೆ ಹೊರಿಸಿ ಹೋದರೋ? ಎರಡನೆಯದೇ ಆಗಿದ್ದರೆ, ಆಮೇಲೆ ಯಾರಾದರೂ ಅವನಿಗೆ ಸರದಿ ಬಿಟ್ಟುಕೊಟ್ಟರೋ? ಹಬ್ಬದ ಮನೆಗಳಲ್ಲಿ ಹೀಗೆ ಹಿಂಡಿನ ಬಳಿ ಉಳಿಯುವವಳು ಪ್ರತಿವರ್ಷವೂ ಒಬ್ಬಳೇ. ಗಂಡಸರು ಆರಾಧನೆಗೆ ಹೋಗುವರು, ಮಕ್ಕಳು ಗಾಯನಕ್ಕೆ ಹೋಗುವರು, ನೆಂಟರು ಪಡಸಾಲೆಯಲ್ಲಿ ಮಾತನಾಡುವರು. ಇವಳು ಮಾತ್ರ ದೂತರ ಹಾಡನ್ನು ಅಡಿಗೆಮನೆಯ ಗೋಡೆಯ ಈಚೆಯಿಂದ ಕೇಳಿಸಿಕೊಳ್ಳುವಳು. ಇದನ್ನು ಸೇವೆಯೆಂದು ಹೊಗಳಿ ಸುಮ್ಮನಾಗುವುದು ನಮ್ಮ ಸಭೆಗಳಲ್ಲಿ ರೂಢಿಯಾಗಿದೆ. ಬೇಥಾನ್ಯದ ಮಾರ್ಥಳ ಮನೆಯಲ್ಲಿ ಸ್ವಾಮಿಯು ಹಾಗೆ ಹೊಗಳಿ ಸುಮ್ಮನಾಗಲಿಲ್ಲವೆಂಬುದನ್ನು ಅದೇ ಲೂಕನು ಹತ್ತನೆಯ ಅಧ್ಯಾಯದಲ್ಲಿ ಬರೆದಿದ್ದಾನೆ.

ನನ್ನ ತಪ್ಪನ್ನು ಈಗ ಹೇಳಲೇಬೇಕು. ನಮ್ಮ ತಾಯಿಯವರ ಕಡೆಯ ಕ್ರಿಸ್ತಜಯಂತಿಯದು ಈ ಸಂಗತಿ. ಅವರಿಗೆ ಕಣ್ಣು ಮಂಜಾಗಿ ಓದಲಾಗುತ್ತಿರಲಿಲ್ಲ. ಹಬ್ಬದ ಹಿಂದಿನ ಸಂಜೆ ದೀಪ ಹಚ್ಚಿದ ಹೊತ್ತು. ಹಿಂದಿನ ದಿನವೇ ಬೆಲ್ಲದ ಪಾಕಕ್ಕೆ ಹಿಟ್ಟು ಹಾಕಿ ಇಟ್ಟಿದ್ದೆನು. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಪಡಸಾಲೆಯಿಂದ ತಾಯಿಯವರು, "ಬಾ ಮಗಾ, ಒಂದು ಗಳಿಗೆ ಕೂತ್ಕೋ, ಆ ಕುರುಬರ ಅಧ್ಯಾಯ ಓದು" ಎಂದರು.

"ಬಂದೆ ಕಣಮ್ಮಾ, ಈ ಒಬ್ಬೆ ತೆಗೆದುಬಿಡ್ತೀನಿ."

ಒಂದು ಒಬ್ಬೆ ಮುಗಿಯಿತು. ಎಣ್ಣೆ ಹದವಾಗಿತ್ತು, ಮತ್ತೊಂದನ್ನು ಬಿಟ್ಟೆನು. ಅವರು ಎರಡನೆಯ ಸಾರಿ ಕರೆದರು, ಮೂರನೆಯ ಸಾರಿಯೂ ಕರೆದರು. ಪ್ರತಿಸಲವೂ ನಾನು ಅದೇ ಉತ್ತರ ಕೊಟ್ಟೆನು. ಹಿಟ್ಟೆಲ್ಲಾ ಮುಗಿದು, ಕೈತೊಳೆದು, ಪುಸ್ತಕವನ್ನು ತೆಗೆದುಕೊಂಡು ಹೋಗುವಷ್ಟರಲ್ಲಿ ಅವರು ಗೋಡೆಗೆ ಒರಗಿ ನಿದ್ದೆಹೋಗಿದ್ದರು. ಎಬ್ಬಿಸಲು ಮನಸ್ಸು ಬರಲಿಲ್ಲ. ಮರುದಿನ ಬೆಳಿಗ್ಗೆ ಅವರು ಒಂದು ತುಂಡು ಮುರಿದು ಬಾಯಿಗಿಟ್ಟು, "ಕಜ್ಜಾಯ ಚೆನ್ನಾಗಿ ಬಂದಿದೆ" ಎಂದರು. ಓದಿನ ಮಾತನ್ನೇ ಎತ್ತಲಿಲ್ಲ. ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಆ ಅಧ್ಯಾಯದ ಇಪ್ಪತ್ತು ವಚನಗಳನ್ನು ನಿಧಾನವಾಗಿ ಗಟ್ಟಿಯಾಗಿ ಓದಲು ಎಷ್ಟು ಹೊತ್ತು ಹಿಡಿಯುತ್ತದೆಂದು ನಾನು ಆಮೇಲೆ ಗಡಿಯಾರವನ್ನಿಟ್ಟುಕೊಂಡು ನೋಡಿದೆನು. ನಾಲ್ಕು ನಿಮಿಷ.

ಇಷ್ಟಾದ ಮೇಲೆ ಹತ್ತೊಂಬತ್ತನೆಯ ವಚನವು ನನಗೆ ಹೊಸದಾಗಿ ಕಾಣಿಸಿತು. ಕುರುಬರ ಮಾತನ್ನು ಕೇಳಿ ಎಲ್ಲರೂ ಆಶ್ಚರ್ಯಪಟ್ಟರು. ಮರಿಯಳಾದರೋ ಅವುಗಳನ್ನೆಲ್ಲಾ ಮನಸ್ಸಿನಲ್ಲಿಟ್ಟುಕೊಂಡು ಆಲೋಚಿಸುತ್ತಿದ್ದಳೆಂದು ಲೂಕನು ತಿಳಿಸುತ್ತಾನೆ. ಆಲೋಚಿಸುವುದೆಂದು ನಾವು ತಿರುಗಿಸಿರುವ ಗ್ರೀಕ್ ಮಾತಿಗೆ ಅಕ್ಷರಾರ್ಥವು "ಒಟ್ಟಿಗೆ ತಂದಿಡುವುದು" ಎಂದಾಗುತ್ತದೆ. ಮೊದಲಲ್ಲಿ ನಾವು ನೋಡಿದ ಸಮಾಧಾನವೆಂಬ ಪದದ ಧಾತ್ವರ್ಥವನ್ನು ನೆನೆದುಕೊಳ್ಳಿರಿ. ಮರಿಯಳ ಆ ರಾತ್ರಿ ಎಂಥದು? ಹೆತ್ತ ಮೈಯ ನೋವು, ಗೋದಲಿಯಲ್ಲಿ ಮಲಗಿದ ಕೂಸು, ಹೊತ್ತಲ್ಲದ ಹೊತ್ತಿನಲ್ಲಿ ಒಳನುಗ್ಗಿದ ಅಪರಿಚಿತರು, ತುಂಬಿದ ಮನೆಯ ಗದ್ದಲ. ನಾಳೆ ಎಲ್ಲಿರುವೆವೆಂಬುದೂ ಗೊತ್ತಿಲ್ಲ. ಯಾವ ಕೆಲಸವೂ ಮುಗಿದಿರಲಿಲ್ಲ. ಅದರ ನಡುವೆಯೇ ಅವಳು ಕೇಳಿದ್ದನ್ನೂ ಕಂಡದ್ದನ್ನೂ ತಂದು ಒಂದುಗೂಡಿಸುತ್ತಿದ್ದಳು. ಕೋಣೆ ಗುಡಿಸಿಯಾಗಲಿ, ನೆಂಟರು ಹೋಗಲಿ, ಕೂಸು ದೊಡ್ಡದಾಗಲಿ ಎಂದು ಕಾದಿದ್ದರೆ ಆ ಕುರುಬರು ಹೇಳಿದ ಮಾತು ಅವಳಿಗೂ ಉಳಿಯುತ್ತಿರಲಿಲ್ಲ, ನಮಗೂ ಬರುತ್ತಿರಲಿಲ್ಲ. ಅಲ್ಲಿ ಆಶ್ಚರ್ಯಪಟ್ಟವರೆಲ್ಲರೂ ಮರೆತುಹೋದರೆಂದು ತೋರುತ್ತದೆ.

ನಾವು ಇಲ್ಲಿ ಬೋರ್ಡಿಂಗಿನಲ್ಲಿದ್ದಾಗ ಬೆಳಗಿನ ಗಂಟೆಗೆ ಮುಂಚೆ ಹತ್ತು ನಿಮಿಷ ಮೌನವಾಗಿ ಕುಳಿತಿರಬೇಕೆಂಬ ನಿಯಮವಿತ್ತು. ಮಿಸ್ಸಮ್ಮನವರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಜಡೆ ಹೆಣೆದುಕೊಳ್ಳದೆ, ಲೆಕ್ಕ ಮುಗಿಸಿಕೊಳ್ಳದೆ ಸುಮ್ಮನೆ ಕುಳಿತಿರುವುದು ಶುದ್ಧ ದಂಡವೆಂದು ನಾವು ಪಿಸುಗುಟ್ಟುತ್ತಿದ್ದೆವು. ಜಡೆಯೂ ಲೆಕ್ಕವೂ ಮುಗಿಯದಿರುವಾಗಲೇ ಕೂರಿಸುತ್ತಿದ್ದ ಕಾರಣವು ನನಗೆ ಗೊತ್ತಾಗಬೇಕಾದರೆ ತಲೆ ನರೆಯಬೇಕಾಯಿತು. ಸಭೆಯವರು ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳನ್ನು ಆಗಮನ ಕಾಲವೆಂದು ಇಟ್ಟಿರುವುದೂ ಇದೇ ಉದ್ದೇಶದಿಂದ. ಆ ನಾಲ್ಕೂ ಭಾನುವಾರಗಳನ್ನು ಈಗ ನಾವು ಬಟ್ಟೆ ಅಂಗಡಿಗೆ ಕೊಟ್ಟುಬಿಟ್ಟಿದ್ದೇವೆ.

ಈ ಭಾಗವನ್ನು ಮನೆಯಲ್ಲಿ ಓದುವವರು ಒಂದು ವಿಷಯವನ್ನು ತಮ್ಮೊಳಗೆ ಕೇಳಿಕೊಳ್ಳಬೇಕೆಂದು ಬೇಡುತ್ತೇನೆ. ಓದು ನಡೆಯುವ ಗಳಿಗೆಯಲ್ಲಿ ನಿಮ್ಮ ಮನೆಯಲ್ಲಿ ಹಿಂಡಿನ ಬಳಿ ಉಳಿದಿರುವವರು ಯಾರು? ತಾಯಿಯೋ, ಸೊಸೆಯೋ, ಕೆಲಸಕ್ಕೆ ಬರುವ ಹೆಂಗಸೋ? ಅವರನ್ನು ಕರೆಯುವವರು ಯಾರು? ಕರೆದರೆ ಸಾಲದು, ಕರೆಯುವುದು ಸುಲಭ. ಬಾಣಲೆಯ ಮುಂದೆ ನಿಲ್ಲುವವರು ಯಾರು? ತಂದೆಗಳಾದವರೂ ಇದನ್ನು ಓದುತ್ತಿದ್ದೀರೆಂದು ನಂಬಿ ಹೇಳುತ್ತಿದ್ದೇನೆ. ಮಗ್ಗಿ ಹೇಳಬಲ್ಲ ಗಂಡುಮಗುವಿಗೆ ಒಲೆ ಆರಿಸಲೂ ಬರುತ್ತದೆ. ಈಗಿನ ಅನಿಲದ ಒಲೆಯಂತೂ ಒಂದು ಗುಂಡಿ ತಿರುಗಿಸುವ ಕೆಲಸ. ನಮ್ಮ ಕಾಲದ ಸೌದೆಯ ಬೆಂಕಿಯಂತೆ ಹಿಂದಕ್ಕೆಳೆದು ಬೂದಿ ಮುಚ್ಚಬೇಕಾಗಿಲ್ಲ.

ಕಳೆದ ವರ್ಷ ನಮ್ಮ ಮನೆಯಲ್ಲಿ ಸೊಸೆಯು ಕಜ್ಜಾಯ ಮಾಡುತ್ತಿದ್ದಳು. ಮೊಮ್ಮಗನು ಅಧ್ಯಾಯವನ್ನು ಓದಲು ಸಿದ್ಧನಾಗಿ ಕುಳಿತು, "ಅಮ್ಮಾ, ಬಾ" ಎಂದು ಕೂಗಿದನು. "ಈ ಒಬ್ಬೆ ತೆಗೆದು ಬರ್ತೀನಿ ಕಣೋ" ಎಂದಳು. ಆ ಮಾತು ಕಿವಿಗೆ ಬಿದ್ದೊಡನೆ ನಾನು ಎದ್ದುಹೋಗಿ ಅವಳ ಕೈಯಿಂದ ಜಾಲರಿಯನ್ನು ಕಿತ್ತುಕೊಂಡೆನು. ಒಲೆಯನ್ನು ಆರಿಸಬೇಕೆಂಬುದು ಗಾಬರಿಯಲ್ಲಿ ಹೊಳೆಯಲೇ ಇಲ್ಲ. ಅವಳು ಹೋಗಿ ಮಗನ ಪಕ್ಕದಲ್ಲಿ ಕುಳಿತಳು. ನಾನು ಅಡಿಗೆಮನೆಯಿಂದಲೇ ಕೇಳುತ್ತಾ ನಿಂತೆನು. ನಡುನಡುವೆ ತಡವರಿಸಿದರೂ ಹುಡುಗನು ಚೆನ್ನಾಗಿ ಓದಿದನು. ಕುರುಬರು ಹಿಂದಿರುಗುವಷ್ಟರಲ್ಲಿ ಬಾಣಲೆಯಲ್ಲಿದ್ದ ಐದು ಕಜ್ಜಾಯಗಳೂ ಕರ್ರಗೆ ಸೀದಿದ್ದವು. ಸೊಸೆಯು ಬಂದು ನೋಡಿ ನಕ್ಕು, ಅವುಗಳಲ್ಲಿ ಒಂದನ್ನು ತಾನು ತೆಗೆದುಕೊಂಡು ಒಂದನ್ನು ನನಗೆ ಕೊಟ್ಟಳು.